ಸೋತ ದೀಪದ ಮಣ್ಣು

1900ನೇ ಇಸವಿಯಲ್ಲಿ ಪ್ಯಾರಿಸ್ ನಗರದಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಹೊಸ ಶತಮಾನವನ್ನು ಎದುರುಗೊಳ್ಳಲು ಯುರೋಪಿನ ದೇಶಗಳೆಲ್ಲ ತಮ್ಮ ತಮ್ಮ ಯಂತ್ರಗಳನ್ನು ಅಲ್ಲಿಗೆ ತಂದು ನಿಲ್ಲಿಸಿದ್ದವು. ಜರ್ಮನಿಯ ಎ.ಇ.ಜಿ. ಕಂಪನಿಯ ಮಂಟಪ ಹೊಸ ಬಗೆಯ ದೀಪಗಳಿಂದ ಬೆಳಗುತ್ತಿತ್ತು. ಆ ದೀಪಗಳೊಳಗೆ ಎಡಿಸನ್ ಬಲ್ಬಿನಲ್ಲಿದ್ದಂಥ ಇದ್ದಿಲಿನ ಎಳೆ ಇರಲಿಲ್ಲ. ಗಾಳಿ ಹೀರಿ ತೆಗೆದ ಗಾಜಿನ ಬುರುಡೆಯೂ ಬೇಕಾಗಿರಲಿಲ್ಲ. ಇದ್ದದ್ದು ಬಿಳಿ ಮಣ್ಣಿನ ಒಂದು ಸಣ್ಣ ಕಡ್ಡಿ ಮಾತ್ರ. ಅದರ ಸ್ವಭಾವವೂ ವಿಚಿತ್ರ. ತಣ್ಣಗಿರುವಾಗ ಅದು ಕರೆಂಟನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಮೊದಮೊದಲು ಬೆಂಕಿಕಡ್ಡಿ ಗೀರಿ, ಆಮೇಲೆ ಪಕ್ಕದಲ್ಲೊಂದು ಪುಟ್ಟ ಹೀಟರ್ ಇಟ್ಟು ಅದನ್ನು ಬಿಸಿ ಮಾಡಬೇಕಿತ್ತು. ಚೆನ್ನಾಗಿ ಬಿಸಿಯಾದ ಮೇಲೆ ಅದೇ ಮಣ್ಣಿನಲ್ಲಿ ಕರೆಂಟು ಹರಿದು, ಕಣ್ಣು ಕೋರೈಸುವ ಬಿಳಿ ಬೆಳಕು ಹೊಮ್ಮುತ್ತಿತ್ತು.

ಈ ದೀಪವನ್ನು 1897ರಲ್ಲಿ ರೂಪಿಸಿದವರು ಗಾಟಿಂಗೆನ್ ವಿಶ್ವವಿದ್ಯಾನಿಲಯದ ವಾಲ್ಟರ್ ನೆರ್ನ್‌ಸ್ಟ್. ಮುಂದೆ 1920ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಪಡೆದವರೂ ಅವರೇ. ದೀಪದ ಹಕ್ಕನ್ನು ಅವರು ಎ.ಇ.ಜಿ.ಗೆ ಒಳ್ಳೆಯ ಬೆಲೆಗೆ ಮಾರಿದರು. ಕೆಲವು ವರ್ಷ ದೀಪ ಚೆನ್ನಾಗಿಯೇ ಮಾರಾಟವಾಯಿತು. ಅಷ್ಟರಲ್ಲಿ ಟಂಗ್‌ಸ್ಟನ್ ಎಳೆಯ ಬಲ್ಬು ಬಂತು. ಸ್ವಿಚ್ಚು ಒತ್ತಿದ ಕೂಡಲೇ ಹೊತ್ತಿಕೊಳ್ಳುವ ಬಲ್ಬು ಕೈಗೆ ಸಿಗುವಾಗ, ಮಣ್ಣು ಬಿಸಿಯಾಗುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ನೆರ್ನ್‌ಸ್ಟ್ ದೀಪ ಅಂಗಡಿಗಳಿಂದ ಮಾಯವಾಯಿತು.

ಚರಿತ್ರೆ ಎಂದರೆ ಗೆದ್ದವರ ಕಥೆ ಎನ್ನುವ ಮಾತಿದೆ. ಆದರೆ ಸೋತ ಆ ದೀಪದ ಮಣ್ಣು ಸಾಯಲಿಲ್ಲ. ಇಂದು ಹೈಡ್ರೋಜನ್ನಿನಿಂದ ಹೊಗೆಯಿಲ್ಲದೆ ವಿದ್ಯುತ್ತು ಪಡೆಯಲು ಪ್ರಪಂಚದ ಹಲವು ಪ್ರಯೋಗಾಲಯಗಳು ಹೆಣಗುತ್ತಿರುವ ಒಂದು ಸಾಧನದ ಎದೆಯೊಳಗೆ ಇರುವುದು ಅದೇ ಮಣ್ಣು. ಅದರ ಹೆಸರು ಘನ ಆಕ್ಸೈಡ್ ಇಂಧನ ಕೋಶ. ಅದರ ಚರಿತ್ರೆಯನ್ನು ಒಂದೇ ವಾಕ್ಯದಲ್ಲಿ ಹೇಳಬೇಕೆಂದರೆ, ಆ ಮಣ್ಣನ್ನು ತೆಳುವಾಗಿಸುತ್ತ ಹೋದ ಚರಿತ್ರೆ ಎನ್ನಬೇಕು. ದಪ್ಪ ಕೊಳವೆಯಿಂದ ಕಾಗದದಷ್ಟು, ಕಾಗದದಿಂದ ಕೂದಲಿಗಿಂತ ಸಣ್ಣ, ಅಲ್ಲಿಂದ ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು. ಇದಕ್ಕೆ ನೂರು ವರ್ಷಗಳಿಗಿಂತ ಹೆಚ್ಚು ಹಿಡಿಯಿತು. ಏಕೆ ಇಷ್ಟು ಕಾಲ ಎಂದು ಕೇಳಿದರೆ ಸಿಗುವ ಉತ್ತರ ಬರೀ ವಿಜ್ಞಾನದ್ದಲ್ಲ.

ನೀರು ಒಡೆಯುವುದು, ನೀರು ಕೂಡುವುದು

ಇಂಧನ ಕೋಶದ ಕಲ್ಪನೆ ನೆರ್ನ್‌ಸ್ಟ್ ದೀಪಕ್ಕಿಂತ ಸುಮಾರು ಅರವತ್ತು ವರ್ಷ ಹಳೆಯದು. ನೀರಿನಲ್ಲಿ ಕರೆಂಟು ಹರಿಸಿದರೆ ಅದು ಹೈಡ್ರೋಜನ್ ಮತ್ತು ಆಮ್ಲಜನಕಗಳಾಗಿ ಒಡೆಯುತ್ತದೆಂಬುದು 1800ರಲ್ಲೇ ತಿಳಿದಿತ್ತು. ಹಾಗಾದರೆ ಅವೆರಡನ್ನೂ ಮತ್ತೆ ಕೂಡಿಸಿದರೆ ಕರೆಂಟು ವಾಪಸು ಬರಬೇಕಲ್ಲವೆ? 1839ರಲ್ಲಿ ಇದನ್ನು ಮಾಡಿ ತೋರಿಸಿದವರು ವೇಲ್ಸ್‌ನ ಸ್ವಾನ್ಸಿಯಲ್ಲಿ ಹುಟ್ಟಿದ ವಿಲಿಯಂ ರಾಬರ್ಟ್ ಗ್ರೋವ್. ಇವರು ಓದಿದ್ದು ವಕೀಲಿ. ಮುಂದೆ ಮತ್ತೆ ಕೋರ್ಟಿಗೇ ಮರಳಿ, 1871ರಲ್ಲಿ ನ್ಯಾಯಾಧೀಶರಾದರು. ನಡುವೆ ಸಿಕ್ಕ ಬಿಡುವಿನಲ್ಲಿ ಅವರು ಆಸಿಡ್ಡಿನ ಪಾತ್ರೆಯಲ್ಲಿ ಪ್ಲಾಟಿನಂ ಪಟ್ಟಿಗಳನ್ನು ನಿಲ್ಲಿಸಿ, ಒಂದರ ಮೇಲೆ ಹೈಡ್ರೋಜನ್, ಇನ್ನೊಂದರ ಮೇಲೆ ಆಮ್ಲಜನಕ ಹಿಡಿದು, ಕರೆಂಟು ಬರುವುದನ್ನು ಕಂಡರು. ಇಂಥ ಕೋಶಗಳನ್ನು ಸಾಲಾಗಿ ಜೋಡಿಸಿ, ಅವುಗಳ ಕರೆಂಟಿನಿಂದಲೇ ಬೇರೊಂದು ಪಾತ್ರೆಯ ನೀರನ್ನು ಒಡೆದೂ ತೋರಿಸಿದರು. ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞರೂ ಇದೇ ಗುಣವನ್ನು ಗುರುತಿಸಿದ್ದರು.

ನಮ್ಮ ಹಳೆಯ ಶಾಲಾ ಪುಸ್ತಕಗಳು ಹೈಡ್ರೋಜನ್ನನ್ನು ಜಲಜನಕ ಎಂದು ಕರೆಯುತ್ತಿದ್ದವು. ನೀರನ್ನು ಹುಟ್ಟಿಸುವುದು ಎಂದರ್ಥ. ಇಂಧನ ಕೋಶವನ್ನು ಅರ್ಥ ಮಾಡಿಕೊಳ್ಳಲು ಆ ಒಂದು ಪದವೇ ಸಾಕು. ಹೈಡ್ರೋಜನ್ ಉರಿದರೂ ನೀರು ಹುಟ್ಟುತ್ತದೆ, ಕೋಶದೊಳಗೆ ಸದ್ದಿಲ್ಲದೆ ಆಮ್ಲಜನಕವನ್ನು ಕೂಡಿದರೂ ನೀರೇ ಹುಟ್ಟುತ್ತದೆ. ವ್ಯತ್ಯಾಸವೇನೆಂದರೆ, ಉರಿದಾಗ ಬರುವುದು ಶಾಖ. ಆ ಶಾಖದಿಂದ ಆವಿ, ಆವಿಯಿಂದ ಚಕ್ರ, ಚಕ್ರದಿಂದ ಕರೆಂಟು, ಹೀಗೆ ಪ್ರತಿ ಮೆಟ್ಟಿಲಿನಲ್ಲೂ ಒಂದಷ್ಟು ಸೋರಿ ಹೋಗುತ್ತದೆ. ಕೋಶದಲ್ಲಿ ಆ ಮೆಟ್ಟಿಲುಗಳಿಲ್ಲ, ನೇರವಾಗಿ ಕರೆಂಟು.

1894ರಲ್ಲಿ ಜರ್ಮನಿಯ ವಿದ್ಯುತ್ ರಸಾಯನಶಾಸ್ತ್ರಜ್ಞರ ಸಂಘದ ಮೊದಲ ಸಭೆಯಲ್ಲಿ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಇದನ್ನೇ ಎತ್ತಿ ಹೇಳಿದರು. ಉಗಿಯಂತ್ರಗಳು ಕಲ್ಲಿದ್ದಲಿನಲ್ಲಿರುವ ಶಕ್ತಿಯ ಬಹುಪಾಲನ್ನು ಗಾಳಿಗೆ ಚೆಲ್ಲುತ್ತಿವೆ, ಅದನ್ನು ಉರಿಸದೆಯೇ ನೇರವಾಗಿ ವಿದ್ಯುತ್ತು ಮಾಡುವ ದಾರಿ ಹುಡುಕಬೇಕು, ಹಾಗಾದರೆ ಹೊಗೆಯೂ ಇಲ್ಲ, ಮಸಿಯೂ ಇಲ್ಲ, ಬಾಯ್ಲರೂ ಬೇಡ ಎಂಬುದು ಅವರ ವಾದದ ಸಾರ. ಈ ಮಾತಿಗೆ ಈಗ ನೂರಮೂವತ್ತು ವರ್ಷ ದಾಟಿದೆ. ಹೊಗೆಯ ದಾರಿ ಬೇಡವೆಂದು ಹೇಳುವವರು ಹೊಗೆಯ ಯುಗದ ಬಾಗಿಲಲ್ಲೇ ಇದ್ದರು. ಜಗತ್ತು ಕೇಳಿಸಿಕೊಂಡು ಇನ್ನೊಂದು ದಾರಿ ಹಿಡಿಯಿತು.

ಖಾಲಿ ಕುರ್ಚಿಗಳ ಆಟ

ನೆರ್ನ್‌ಸ್ಟ್ ಬಳಸಿದ ಮಣ್ಣು ಯಾವುದು? ಅದರಲ್ಲಿ ಸುಮಾರು 85 ಪಾಲು ಜಿರ್ಕೋನಿಯ, 15 ಪಾಲು ಯಿಟ್ರಿಯ. ಉರ್ದು ಬಲ್ಲವರಿಗೆ ಮೊದಲ ಹೆಸರು ಪೂರ್ತಿ ಅಪರಿಚಿತವೇನಲ್ಲ. ಫಾರ್ಸಿಯಲ್ಲಿ 'ಜರ್' ಎಂದರೆ ಚಿನ್ನ, 'ಜರ್‌ಗೂನ್' ಎಂದರೆ ಹೊಂಬಣ್ಣದ್ದು. ಅದು ಅರಬ್ಬಿಯ ಬಾಯಲ್ಲಿ 'ಜರ್ಕೂನ್' ಆಗಿ, ಯುರೋಪಿಗೆ ದಾಟಿ, ಜಿರ್ಕಾನ್ ಎಂಬ ಹರಳಿನ ಹೆಸರಾಯಿತೆಂದು ಪದಗಳ ಜಾಡು ಹಿಡಿಯುವವರು ಹೇಳುತ್ತಾರೆ. ನಮ್ಮ ಹೆಂಗಸರ ಸೀರೆ, ದುಪಟ್ಟಾಗಳ ಜರಿಯಲ್ಲಿರುವುದೂ ಅದೇ 'ಜರ್'. 1789ರಲ್ಲಿ ಬರ್ಲಿನ್‌ನ ಕ್ಲಾಪ್ರೋತ್ ಎಂಬವರು ಸಿಲೋನಿನಿಂದ ಬಂದ ಇಂಥ ಹರಳನ್ನು ಪರೀಕ್ಷಿಸಿ ಅದರಲ್ಲಿ ಹೊಸ ಧಾತುವಿದೆ ಎಂದರು. ಇಂದಿಗೂ ಕೇರಳದ ಚವರ ಮತ್ತು ತಮಿಳುನಾಡಿನ ಮಣವಾಳಕುರಿಚಿಯ ಕಡಲ ಮರಳಿನಿಂದ ಜಿರ್ಕಾನ್ ಬೇರ್ಪಡಿಸುತ್ತಾರೆ. ಯಿಟ್ರಿಯದ ಹೆಸರು ಸ್ವೀಡನ್ನಿನ ಯಿಟ್ಟರ್‌ಬಿ ಎಂಬ ಪುಟ್ಟ ಹಳ್ಳಿಯಿಂದ ಬಂದದ್ದು.

ಜಿರ್ಕೋನಿಯಕ್ಕೆ ಯಿಟ್ರಿಯ ಬೆರೆಸಿದರೆ ಆಗುವುದೇನು? ಜಿರ್ಕೋನಿಯದ ಹರಳಿನೊಳಗೆ ಆಮ್ಲಜನಕದ ಕಣಗಳು ಸಭೆಯಲ್ಲಿ ಕುರ್ಚಿಗಳ ಮೇಲೆ ಕೂತ ಜನರಂತೆ ಸಾಲಾಗಿ ಕೂತಿರುತ್ತವೆ. ಜಾಗ ಬಿಟ್ಟು ಏಳುವಂತಿಲ್ಲ, ಏಕೆಂದರೆ ಪಕ್ಕದ ಕುರ್ಚಿ ಖಾಲಿ ಇಲ್ಲ. ಯಿಟ್ರಿಯಂ ಬಂದು ಜಿರ್ಕೋನಿಯಂನ ಜಾಗ ಹಿಡಿದಾಗ ಲೆಕ್ಕ ತಪ್ಪುತ್ತದೆ. ಅದಕ್ಕೆ ಅಷ್ಟು ಆಮ್ಲಜನಕ ಬೇಕಾಗಿಲ್ಲ. ಹೀಗಾಗಿ ಪ್ರತಿ ಎರಡು ಯಿಟ್ರಿಯಂಗೆ ಒಂದರಂತೆ ಆಮ್ಲಜನಕದ ಕುರ್ಚಿ ಖಾಲಿ ಬೀಳುತ್ತದೆ. ಬಿಸಿ ಹೆಚ್ಚಾದಾಗ ಪಕ್ಕದ ಕಣ ಖಾಲಿ ಕುರ್ಚಿಗೆ ಜಿಗಿಯುತ್ತದೆ, ಅದು ಬಿಟ್ಟ ಕುರ್ಚಿಗೆ ಇನ್ನೊಂದು ಜಿಗಿಯುತ್ತದೆ. ಹೀಗೆ ಕುರ್ಚಿಯಿಂದ ಕುರ್ಚಿಗೆ ನೆಗೆಯುತ್ತ ಆಮ್ಲಜನಕ ಗಟ್ಟಿ ಗೋಡೆಯನ್ನೇ ದಾಟಿಬಿಡುತ್ತದೆ.

ಈ ಗೋಡೆಯ ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ಹೈಡ್ರೋಜನ್ ಇಟ್ಟರೆ ಕೋಶ ಸಿದ್ಧ. ಗಾಳಿಯ ಕಡೆ ಆಮ್ಲಜನಕ ಎರಡು ಎಲೆಕ್ಟ್ರಾನು ಹೊತ್ತು ಗೋಡೆಯೊಳಗೆ ನುಗ್ಗುತ್ತದೆ. ಆಚೆ ಬದಿಯಲ್ಲಿ ಹೈಡ್ರೋಜನ್ನನ್ನು ಕೂಡಿ ನೀರಾಗುತ್ತದೆ, ಹೊತ್ತು ತಂದ ಎಲೆಕ್ಟ್ರಾನುಗಳನ್ನು ಅಲ್ಲಿ ಇಳಿಸುತ್ತದೆ. ಎಲೆಕ್ಟ್ರಾನುಗಳಿಗೆ ಗೋಡೆಯ ಮೂಲಕ ದಾರಿಯಿಲ್ಲ. ಅವು ಹೊರಗಿನ ತಂತಿಯ ಮೂಲಕವೇ ಮರಳಬೇಕು. ಆ ಮರಳುವ ಪ್ರಯಾಣವೇ ನಮಗೆ ಸಿಗುವ ವಿದ್ಯುತ್ತು.

1937ರಲ್ಲಿ ಜ್ಯೂರಿಕ್‌ನಲ್ಲಿ ಎಮಿಲ್ ಬಾವರ್ ಮತ್ತು ಹಾನ್ಸ್ ಪ್ರೈಸ್ ಎಂಬ ಇಬ್ಬರು ನೆರ್ನ್‌ಸ್ಟ್ ಮಣ್ಣಿನಿಂದ ಮೊದಲ ಘನ ಆಕ್ಸೈಡ್ ಕೋಶಗಳನ್ನು ಮಾಡಿ, ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಯಿಸಿ ನೋಡಿದರು. ಕರೆಂಟು ಬಂತು. ಆದರೆ ಬಂದದ್ದು ತೀರಾ ಕಡಿಮೆ. ಮಣ್ಣಿನ ಗೋಡೆ ಒಡ್ಡುತ್ತಿದ್ದ ಅಡ್ಡಿ ವಿಪರೀತವಾಗಿತ್ತು. ಆ ಗೋಡೆಯಲ್ಲಿ ಹರಿಯುತ್ತಿರುವುದು ಆಮ್ಲಜನಕವೇ, ಅದೂ ಖಾಲಿ ಜಾಗಗಳ ಮೂಲಕ ಎಂಬ ವಿವರಣೆಯನ್ನು ಕಾರ್ಲ್ ವಾಗ್ನರ್ ಪ್ರಕಟಿಸಿದ್ದು 1943ರಲ್ಲಿ, ಎರಡನೇ ಮಹಾಯುದ್ಧ ಉರಿಯುತ್ತಿದ್ದಾಗ. ಅವರಿದ್ದ ಡಾರ್ಮ್‌ಸ್ಟಾಟ್ ನಗರ ಮರುವರ್ಷ ಸೆಪ್ಟೆಂಬರಿನ ಒಂದೇ ರಾತ್ರಿಯ ಬಾಂಬ್ ದಾಳಿಯಲ್ಲಿ ಸುಟ್ಟು ಬೂದಿಯಾಯಿತು. ದೀಪದ ಮಣ್ಣು ಏಕೆ ಬೆಳಗುತ್ತದೆಂಬುದು ಅರ್ಥವಾಗುವ ಹೊತ್ತಿಗೆ ಆ ದೀಪ ಉರಿಸುವವರು ಯಾರೂ ಉಳಿದಿರಲಿಲ್ಲ.

ಎಣ್ಣೆಯ ಬೆಲೆ, ಮಣ್ಣಿನ ಭಾಗ್ಯ

ಯುದ್ಧ ಮುಗಿದ ಮೇಲೆ ಇಂಧನ ಕೋಶಕ್ಕೆ ಆಶ್ರಯ ಕೊಟ್ಟದ್ದು ಬಾಹ್ಯಾಕಾಶ. ಚಂದ್ರನಿಗೆ ಹೋದ ಅಪೋಲೋ ನೌಕೆಗಳಲ್ಲಿದ್ದದ್ದು ಇಂಗ್ಲೆಂಡಿನ ಫ್ರಾನ್ಸಿಸ್ ಥಾಮಸ್ ಬೇಕನ್ ಬೆಳೆಸಿದ ಕ್ಷಾರದ ಬಗೆಯ ಕೋಶ. ಯಾತ್ರಿಗಳು ಕುಡಿದ ನೀರು ಕೂಡ ಆ ಕೋಶಗಳಲ್ಲಿ ಹುಟ್ಟಿದ ನೀರೇ. ಅಲ್ಲಿ ಖರ್ಚಿನ ಪ್ರಶ್ನೆ ಇರಲಿಲ್ಲ. ನೆಲದ ಮೇಲೆ ಮಾತ್ರ ಎಣ್ಣೆ ಅಗ್ಗವಾಗಿತ್ತು, ಅಗ್ಗದ ಎಣ್ಣೆಯಿರುವಾಗ ಮಣ್ಣಿನ ಕೋಶವನ್ನು ಕೇಳುವವರಿರಲಿಲ್ಲ. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ವೈಸ್‌ಬಾರ್ಟ್ ಮತ್ತು ರೂಕಾ 1962ರಲ್ಲಿ ಜಿರ್ಕೋನಿಯ ಕೋಶದ ಬಗ್ಗೆ ಪ್ರಬಂಧ ಬರೆದರು. ಕೆಲಸ ಮಾತ್ರ ಆಮೆಯ ನಡಿಗೆಯಲ್ಲಿ ಸಾಗಿತು.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯ ಮೇಲೆ ನಿರ್ಬಂಧ ಹೇರಿದವು. ಬೆಲೆ ನೋಡನೋಡುತ್ತಿದ್ದಂತೆ ನಾಲ್ಕು ಪಟ್ಟಾಯಿತು. ಎಣ್ಣೆಯ ಹೊರತಾದ ಎಲ್ಲ ದಾರಿಗಳಿಗೂ ಅಮೆರಿಕದ ಖಜಾನೆ ದಿಢೀರನೆ ತೆರೆದುಕೊಂಡಿತು. ಆ ಹಣದ ಬೆಂಬಲದಲ್ಲಿ ವೆಸ್ಟಿಂಗ್‌ಹೌಸ್‌ನ ಆರ್ನಾಲ್ಡ್ ಐಸೆನ್‌ಬರ್ಗ್ ಒಂದು ಜಾಣ ಉಪಾಯ ಹೂಡಿದರು. ಗೋಡೆ ದಪ್ಪವಾದರೆ ಅಡ್ಡಿ ಹೆಚ್ಚು, ತೆಳುವಾದರೆ ತನ್ನ ಕಾಲ ಮೇಲೆ ತಾನು ನಿಲ್ಲದು. ಹಾಗಾದರೆ ಬೇರೊಂದು ಗಟ್ಟಿ, ತೂತುತೂತಾದ ಕೊಳವೆಯನ್ನು ಆಧಾರವಾಗಿಟ್ಟು ಅದರ ಮೇಲೆ ಜಿರ್ಕೋನಿಯದ ತೆಳು ಪದರವನ್ನು ಬೆಳೆಸಿದರಾಯಿತು. ಜಿರ್ಕೋನಿಯಂ ಮತ್ತು ಯಿಟ್ರಿಯಂನ ಕ್ಲೋರೈಡ್ ಆವಿಯನ್ನು ಕೊಳವೆಯ ಹೊರಗೆ, ಆಮ್ಲಜನಕ ಮತ್ತು ನೀರಾವಿಯನ್ನು ಒಳಗೆ ಹಾಯಿಸಿದರು. ತೂತಿನ ಬಾಯಲ್ಲಿ ಅವೆರಡೂ ಸೇರಿ ಮೊದಲು ತೂತು ಮುಚ್ಚಿಕೊಂಡಿತು. ಮುಚ್ಚಿದ ಮೇಲೂ ಪದರ ಬೆಳೆಯುತ್ತಲೇ ಹೋಯಿತು. ಏಕೆಂದರೆ ಒಳಗಿನ ಆಮ್ಲಜನಕ ಆ ಪದರವನ್ನೇ ದಾಟಿ ಹೊರಗೆ ಬರಬಲ್ಲದು. ಕೋಶ ಯಾವ ಗುಣದಿಂದ ಕರೆಂಟು ಕೊಡುತ್ತದೋ ಅದೇ ಗುಣ ಅದರ ಗೋಡೆಯನ್ನೂ ಕಟ್ಟಿತು. ಪದರದ ದಪ್ಪ ಸುಮಾರು 40 ಮೈಕ್ರೋಮೀಟರ್. ತಲೆಗೂದಲಿನ ಅರ್ಧದಷ್ಟು ಎಂದುಕೊಳ್ಳಿ.

ಇಂಥ ಕೊಳವೆಗಳಿಂದ ಮಾಡಿದ 100 ಕಿಲೋವ್ಯಾಟಿನ ಸ್ಥಾವರವೊಂದು 1997ರ ಕೊನೆಗೆ ನೆದರ್ಲೆಂಡಿನ ವೆಸ್ಟರ್‌ವೂರ್ಟ್‌ನಲ್ಲಿ ಚಾಲೂ ಆಯಿತು. 16,000 ಗಂಟೆಗಳಿಗೂ ಹೆಚ್ಚು ಕಾಲ ಓಡಿತು. ಇಂಧನದ ಶಕ್ತಿಯಲ್ಲಿ ಶೇ. 46ರಷ್ಟನ್ನು ವಿದ್ಯುತ್ತಾಗಿ ಕೊಟ್ಟಿತು. ಅಷ್ಟು ಸಣ್ಣ ಗಾತ್ರದ ಡೀಸೆಲ್ ಜನರೇಟರುಗಳು ಇದರ ಹತ್ತಿರವೂ ಸುಳಿಯಲಾರವು. ಆದರೆ ಆವಿಯಿಂದ ಪದರ ಬೆಳೆಸುವ ಕೆಲಸ ದುಬಾರಿಯಾಗಿತ್ತು, ಕೋಶವನ್ನು ಸಾವಿರ ಡಿಗ್ರಿಯಷ್ಟು ಕಾಯಿಸಿಡಬೇಕಿತ್ತು. ಆ ಶಾಖಕ್ಕೆ ಸಾಮಾನ್ಯ ಉಕ್ಕು ತಾಳದು. ಸುತ್ತಲಿನ ಭಾಗಗಳಿಗೂ ಅಪರೂಪದ ಪಿಂಗಾಣಿಯೇ ಬೇಕು. ಅಷ್ಟರಲ್ಲಿ ಎಣ್ಣೆಯ ಬೆಲೆ ಇಳಿದು ವರ್ಷಗಳೇ ಆಗಿದ್ದವು. 1998ರಲ್ಲಿ ವೆಸ್ಟಿಂಗ್‌ಹೌಸ್‌ನ ಆ ವಿಭಾಗ ಸೀಮೆನ್ಸ್ ಕಂಪನಿಯ ಪಾಲಾಯಿತು.

ಈ ನಡುವೆ ನೆರ್ನ್‌ಸ್ಟ್ ಮಣ್ಣು ಇನ್ನೊಂದು ಹಿಂಬಾಗಿಲಿನಿಂದ ಜಗತ್ತಿನ ಬೀದಿಗಳಿಗೆ ಬಂದಿತ್ತು. 1976ರಲ್ಲಿ ಬಾಷ್ ಕಂಪನಿ ಕಾರಿನ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆಯೆಂದು ಅಳೆಯುವ ಜಿರ್ಕೋನಿಯದ ಸಂವೇದಕವನ್ನು ವೋಲ್ವೋ ಕಾರುಗಳಿಗೆ ಅಳವಡಿಸಿತು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಈ ಬಗೆಯ ಸಂವೇದಕ ನಮ್ಮ ಸ್ಕೂಟರು, ಬೈಕುಗಳ ಸೈಲೆನ್ಸರ್ ಪೈಪಿಗೂ ಬಂದಿದೆ. ಮೆಕ್ಯಾನಿಕ್ ಅದನ್ನು ಬಿಚ್ಚಿ ಒರೆಸಿ ಮತ್ತೆ ಹಾಕುತ್ತಾನೆ. ಅವನ ಕೈಯಲ್ಲಿರುವುದು ಪ್ಯಾರಿಸ್ಸಿನ ಆ ದೀಪದ ವಂಶದ ಕುಡಿ.

ಕುಂಬಾರರ ಪ್ರಶ್ನೆ

ಸಾವಿರ ಡಿಗ್ರಿಯಿಂದ ಕೆಳಗಿಳಿಯುವುದು ಹೇಗೆ? ಇಲ್ಲಿ ಒಂದು ಸರಳ ಲೆಕ್ಕವಿದೆ. ಬಿಸಿ ಇಳಿದಂತೆ ಕುರ್ಚಿಯಿಂದ ಕುರ್ಚಿಗೆ ಜಿಗಿಯುವ ಕಣಗಳ ಹುರುಪು ಇಳಿಯುತ್ತದೆ. ಹುರುಪು ಹತ್ತನೇ ಒಂದಕ್ಕೆ ಇಳಿದರೆ ದಾಟಬೇಕಾದ ಗೋಡೆಯನ್ನೂ ಹತ್ತನೇ ಒಂದಕ್ಕೆ ಇಳಿಸಬೇಕು. ಆಗ ಅಡ್ಡಿ ಮೊದಲಿನಷ್ಟೇ ಇರುತ್ತದೆ. ಅಂದರೆ ತೆಳುವಾಗಿಸಿದಷ್ಟೂ ತಂಪಾಗಿ ಓಡಿಸಬಹುದು. ತಂಪಾದಷ್ಟೂ ಅಗ್ಗದ ಉಕ್ಕು ಸಾಕು, ಕೋಶದ ಆಯುಷ್ಯ ಹೆಚ್ಚು, ಬೇಗ ಚಾಲೂ ಮಾಡಬಹುದು. ಘನ ಆಕ್ಸೈಡ್ ಕೋಶ ಜನಸಾಮಾನ್ಯರ ಕೈಗೆಟುಕುವುದೋ ಇಲ್ಲವೋ ಎಂಬ ಪ್ರಶ್ನೆ ನಿಂತಿರುವುದು ಈ ತೆಳು ಪದರದ ಮೇಲೆ.

ಆದರೆ ಬಿರುಕಿಲ್ಲದೆ ತೆಳುವಾಗುವುದು ಸುಲಭವಲ್ಲ. ಪದರದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹೈಡ್ರೋಜನ್ ಮತ್ತು ಗಾಳಿ ಬೆರೆತು ಕೋಶ ಸುಟ್ಟು ಹೋಗಬಹುದು. ಇದು ಮೂಲತಃ ಕುಂಬಾರರ ಪ್ರಶ್ನೆ. ಸುಟ್ಟ ಮಡಕೆಗೆ ಹಸಿಮಣ್ಣು ಮೆತ್ತಿ ಮತ್ತೆ ಸುಟ್ಟರೆ ಮೆತ್ತಿದ್ದು ಕುಗ್ಗಿ ಬಿರಿಯುತ್ತದೆ, ಒಳಗಿನ ಮಡಕೆ ಕುಗ್ಗುವುದಿಲ್ಲವಲ್ಲ. 1997ರಲ್ಲಿ ಅಮೆರಿಕದ ಬರ್ಕ್‌ಲಿ ಪ್ರಯೋಗಾಲಯದ ಡಿ ಸೌಜಾ, ವಿಸ್ಕೋ, ಡಿ ಯಾಂಗ್ ಎಂಬ ಮೂವರು ಇದಕ್ಕೆ ಕುಂಬಾರರೂ ಒಪ್ಪುವ ಪರಿಹಾರ ಕಂಡುಕೊಂಡರು. ಕೆಳಗಿನ ನಿಕ್ಕಲ್ ಬೆರೆತ ಬಿಲ್ಲೆಯೂ ಪೂರ್ತಿ ಸುಡದೆ ಇರುವಾಗಲೇ ಅದರ ಮೇಲೆ ಜಿರ್ಕೋನಿಯದ ನಯವಾದ ಕೆಸರಿನ ಪದರ ಹರಡಿ, ಎರಡನ್ನೂ ಒಟ್ಟಿಗೆ ಸುಟ್ಟರು. ಎರಡೂ ಜೊತೆಜೊತೆಯಾಗಿ ಕುಗ್ಗಿದವು, ಬಿರುಕು ಬರಲಿಲ್ಲ. ಪದರದ ದಪ್ಪ 10 ಮೈಕ್ರೋಮೀಟರ್. 800 ಡಿಗ್ರಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 2 ವ್ಯಾಟ್ ಶಕ್ತಿ ಬಂತು. ಆವಿಯ ದುಬಾರಿ ಕಸರತ್ತು ಬೇಕಾಗಲಿಲ್ಲ.

ಇಂಗ್ಲೆಂಡಿನ ಇಂಪೀರಿಯಲ್ ಕಾಲೇಜಿನ ಬ್ರಯಾನ್ ಸ್ಟೀಲ್ ಇನ್ನೊಂದು ಜಾಡು ಹಿಡಿದರು. ಜಿರ್ಕೋನಿಯವನ್ನೇ ಏಕೆ ನೆಚ್ಚಬೇಕು? ಸೀರಿಯಕ್ಕೆ ಗ್ಯಾಡೊಲಿನಿಯಂ ಬೆರೆಸಿದರೆ ಕಡಿಮೆ ಬಿಸಿಯಲ್ಲೇ ಕಣಗಳು ಓಡುತ್ತವೆ. 2001ರಲ್ಲಿ ಅವರು ಹೈನ್‌ಜೆಲ್ ಎಂಬವರ ಜೊತೆ 'ನೇಚರ್' ಪತ್ರಿಕೆಯಲ್ಲಿ ಒಂದು ಸ್ಪಷ್ಟ ಲೆಕ್ಕ ಕೊಟ್ಟರು. ಪದರ 15 ಮೈಕ್ರೋಮೀಟರ್ ಇದ್ದರೆ ಜಿರ್ಕೋನಿಯಕ್ಕೆ ಸುಮಾರು 700 ಡಿಗ್ರಿ ಬೇಕು, ಸೀರಿಯಕ್ಕೆ 500 ಡಿಗ್ರಿ ಸಾಕು. 500 ಡಿಗ್ರಿ ಎಂದರೆ ಸ್ಟೇನ್‌ಲೆಸ್ ಸ್ಟೀಲ್ ನಿರಾತಂಕವಾಗಿ ತಾಳುವ ಬಿಸಿ. ಅದೇ ವರ್ಷ ಹುಟ್ಟಿದ ಸೀರಿಸ್ ಪವರ್ ಎಂಬ ಕಂಪನಿ ತೂತು ಕೊರೆದ ಉಕ್ಕಿನ ತಗಡಿನ ಮೇಲೆ ಸೀರಿಯದ ತೆಳು ಪದರ ಬರೆಯುವ ವಿದ್ಯೆಯನ್ನು ಬೆಳೆಸಿತು. ಸ್ಟೀಲ್ 2003ರಲ್ಲಿ ತೀರಿಕೊಂಡರು.

ತೆಳುವಿನ ತುದಿ ಎಲ್ಲಿ? 2007ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಫ್ರಿಟ್ಜ್ ಪ್ರಿಂಜ್ ಅವರ ತಂಡ ಕಂಪ್ಯೂಟರ್ ಚಿಪ್ಪು ಮಾಡುವ ವಿಧಾನಗಳನ್ನೇ ಬಳಸಿ ಸುಮಾರು 70 ನ್ಯಾನೋಮೀಟರ್ ದಪ್ಪದ ಪದರದಿಂದ ಕೋಶ ಮಾಡಿತು. ಕೂದಲಿನ ಸಾವಿರದಲ್ಲೊಂದು ಪಾಲು ಎಂದು ಮೊದಲೇ ಹೇಳಿದೆವಲ್ಲ, ಅದು ಇದೇ. ಬಾವರ್ ಮತ್ತು ಪ್ರೈಸ್ ಸಾವಿರ ಡಿಗ್ರಿಯಲ್ಲಿ ಒದ್ದಾಡಿದ್ದ ಮಣ್ಣು ಇಲ್ಲಿ 350 ಡಿಗ್ರಿಯಲ್ಲಿ ಚದರ ಸೆಂಟಿಮೀಟರಿಗೆ 200 ಮಿಲಿವ್ಯಾಟ್ ಕೊಟ್ಟಿತು. ಬಾವರ್ ಕೆಲಸ ಮಾಡಿದ್ದ ಜ್ಯೂರಿಕ್‌ನಲ್ಲೇ ಲುಡ್‌ವಿಗ್ ಗಾಕ್ಲರ್ ಅವರ ತಂಡ ಕೈಯಲ್ಲಿ ಹಿಡಿಯುವ ಉಪಕರಣಗಳಿಗೆಂದು ಇಂಥ ಕಿರುಕೋಶಗಳನ್ನು ಮಾಡುತ್ತಿತ್ತು. ಆದರೆ ಈ ಪದರಗಳ ಅಗಲ ತೀರಾ ಸಣ್ಣದು. ಅಗಲ ಮಾಡಹೋದರೆ ಕಾದಾಗ ಉಬ್ಬಿ ಹರಿಯುತ್ತವೆ. 2011ರಲ್ಲಿ ಹಾರ್ವರ್ಡಿನ ಶ್ರೀರಾಮ್ ರಾಮನಾಥನ್ ಮತ್ತು ಸಂಗಡಿಗರು ಲೋಹದ ಸಣ್ಣ ಜಾಲರಿಯ ಆಸರೆ ಕೊಟ್ಟು ಅದನ್ನು 5 ಮಿಲಿಮೀಟರ್ ಅಗಲಕ್ಕೆ ತಂದರು. ಅಷ್ಟನ್ನೇ ದೊಡ್ಡ ಸಾಧನೆಯೆಂದು ಜಗತ್ತು ಮೆಚ್ಚಿತು. ತೆಳುವಾಗುವ ದಾರಿಯಲ್ಲಿ ಪ್ರತಿ ಮಿಲಿಮೀಟರಿಗೂ ಒಂದು ಬೆಲೆಯಿದೆ.

ಯಾರ ಮನೆಯ ದೀಪ?

ಪ್ರಯೋಗಾಲಯದ ಕಥೆ ಹೀಗಾದರೆ ಮಾರುಕಟ್ಟೆಯದು ಇನ್ನೊಂದು ಕಥೆ. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ಕೆ. ಆರ್. ಶ್ರೀಧರ್ ಅಮೆರಿಕದ ಅರಿಜೋನಾ ವಿಶ್ವವಿದ್ಯಾನಿಲಯದಲ್ಲಿದ್ದಾಗ ನಾಸಾಗಾಗಿ ಒಂದು ಯಂತ್ರ ರೂಪಿಸುತ್ತಿದ್ದರು. ಕೋಶವನ್ನು ತಿರುಗುಮುರುಗು ಓಡಿಸಿ, ಕರೆಂಟು ಕೊಟ್ಟು, ಮಂಗಳನ ಗಾಳಿಯಿಂದ ಆಮ್ಲಜನಕ ಹಿಂಡುವ ಯಂತ್ರ ಅದು. 2001ರಲ್ಲಿ ಹೊರಡಬೇಕಿದ್ದ ಆ ನೌಕೆ ರದ್ದಾಯಿತು. ಶ್ರೀಧರ್ ಯಂತ್ರವನ್ನು ನೇರ ದಿಕ್ಕಿಗೆ ತಿರುಗಿಸಿ ಕಂಪನಿ ಕಟ್ಟಿದರು. ಅದೇ ಈಗಿನ ಬ್ಲೂಮ್ ಎನರ್ಜಿ. 2010ರಲ್ಲಿ ಅದು ಜಗತ್ತಿಗೆ ಮುಖ ತೋರಿಸಿದಾಗ ಐದು ಹತ್ತು ವರ್ಷಗಳಲ್ಲಿ ಮನೆಮನೆಗೂ ಇಂಥ ಪೆಟ್ಟಿಗೆ ಬರುತ್ತದೆಂಬ ಆಸೆ ಹುಟ್ಟಿತ್ತು. ಆಮೇಲೆ ಆದದ್ದು ಬೇರೆ. ಪೆಟ್ಟಿಗೆಗಳು ಹೋದದ್ದು ದೊಡ್ಡ ಕಂಪನಿಗಳ ಅಂಗಳಕ್ಕೆ. 2024ರಿಂದ ಈಚೆಗೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗಾಗಿ ನೂರಾರು ಮೆಗಾವ್ಯಾಟುಗಳ ಬೇಡಿಕೆ ಬಂದಿದೆ. ಅವುಗಳಿಗೆ ಉಣಿಸುವುದು ಬಹುಪಾಲು ಹೈಡ್ರೋಜನ್ನನ್ನಲ್ಲ, ನೈಸರ್ಗಿಕ ಅನಿಲವನ್ನು. ಆದ್ದರಿಂದ ಇಂಗಾಲದ ಡೈಆಕ್ಸೈಡೂ ಹೊರಬರುತ್ತದೆ, ಹಳೆಯ ಸ್ಥಾವರಗಳಿಗಿಂತ ಕಡಿಮೆಯೆಂಬುದಷ್ಟೇ ಸಮಾಧಾನ.

ಮನೆಗಳಿಗೆ ಬಂದೇ ಇಲ್ಲವೆ? ಜಪಾನಿನಲ್ಲಿ ಬಂದಿದೆ. ಅಲ್ಲಿ 2009ರಲ್ಲಿ ಎನೆ-ಫಾರ್ಮ್ ಎಂಬ ಹೆಸರಿನಲ್ಲಿ ಮನೆಗೊಂದು ಇಂಧನ ಕೋಶ ಕೊಡುವ ಯೋಜನೆ ಶುರುವಾಯಿತು. 2012ರ ಹೊತ್ತಿಗೆ ಘನ ಆಕ್ಸೈಡ್ ಬಗೆಯವೂ ಸೇರಿಕೊಂಡವು. ಅವುಗಳ ಪಿಂಗಾಣಿ ಭಾಗ ಮಾಡಿದ್ದು 1959ರಲ್ಲಿ ಕ್ಯೋಟೋದಲ್ಲಿ ಸಣ್ಣದಾಗಿ ಶುರುವಾದ ಕ್ಯೋಸೆರಾ ಕಂಪನಿ. ಕರೆಂಟೂ ಬರುತ್ತದೆ, ಉಳಿದ ಶಾಖದಲ್ಲಿ ಸ್ನಾನದ ನೀರೂ ಕಾಯುತ್ತದೆ. ಎಲ್ಲ ಬಗೆಯವೂ ಸೇರಿ 2023ರ ಹೊತ್ತಿಗೆ ಸುಮಾರು 5 ಲಕ್ಷ ಪೆಟ್ಟಿಗೆಗಳು ಮನೆ ಸೇರಿದ್ದವು. ಜಪಾನಿನವರು ನಮಗಿಂತ ಬುದ್ಧಿವಂತರೆಂದು ಹೀಗಾಗಲಿಲ್ಲ. ಬೆಲೆ ತಾನಾಗಿ ಇಳಿಯಲಿ ಎಂದು ಕಾಯದೆ, ಇಳಿಯುವವರೆಗೆ ಸರಕಾರ ವರ್ಷಗಟ್ಟಲೆ ಸಬ್ಸಿಡಿಯ ಹೆಗಲು ಕೊಟ್ಟಿತು.

ಈ ದಾರಿಯಲ್ಲಿ ಎಲ್ಲರೂ ಕೊನೆಯವರೆಗೆ ನಿಲ್ಲಲಿಲ್ಲ ಎಂಬುದಕ್ಕೆ ಬಾಷ್ ಕಂಪನಿಯೇ ಸಾಕ್ಷಿ. ಸ್ಟೀಲ್ ಅವರ ವಿದ್ಯೆಯನ್ನು ಪಡೆದು ವರ್ಷಗಟ್ಟಲೆ ಕೋಶ ಬೆಳೆಸಿದ ಅದು 2025ರ ಫೆಬ್ರವರಿಯಲ್ಲಿ ಆ ಕೆಲಸವನ್ನು ಕೈಬಿಡುವುದಾಗಿ ಹೇಳಿತು. ಅದೇ ವಿದ್ಯೆಯನ್ನು ಪಡೆದ ದಕ್ಷಿಣ ಕೊರಿಯದ ದೂಸಾನ್ ಅದೇ ವರ್ಷ ಕಾರ್ಖಾನೆಯಲ್ಲಿ ಕೋಶ ತಯಾರಿಸತೊಡಗಿತು. ಒಂದೇ ತೆಳು ಪದರ, ಎರಡು ದೇಶ, ಎರಡು ವಿಧಿ.

ನಮ್ಮ ಬಾಗಿಲಿಗೆ ಬಂದ ಪ್ರಶ್ನೆ

ಹೈಡ್ರೋಜನ್ ಎಂದ ಕೂಡಲೇ ಅದು ಶುದ್ಧ ಎಂದು ನಂಬುವ ಚಾಳಿ ಬೆಳೆದಿದೆ. ಹೈಡ್ರೋಜನ್ ಗಣಿಯಿಂದ ಅಗೆದು ತರುವ ಕಲ್ಲಿದ್ದಲಲ್ಲ. ಅದನ್ನು ಯಾವುದರಿಂದಲಾದರೂ ಬಿಡಿಸಬೇಕು. ಜಗತ್ತು ವರ್ಷಕ್ಕೆ ಬಳಸುವ ಹತ್ತು ಕೋಟಿ ಟನ್ನಿನಷ್ಟು ಹೈಡ್ರೋಜನ್ನಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದಲೇ ಬರುತ್ತಿದೆ. ಮಾಲಿನ್ಯವಿಲ್ಲದೆ ಪಡೆದದ್ದು ಶೇಕಡಾ ಒಂದೂ ಇಲ್ಲ. ಭಾರತ ಸರಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಹೈಡ್ರೋಜನ್ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟು, 2030ರೊಳಗೆ ವರ್ಷಕ್ಕೆ 50 ಲಕ್ಷ ಟನ್ನಿನ ಗುರಿ ಇಟ್ಟುಕೊಂಡಿತು. ಆ ಹೈಡ್ರೋಜನ್ನನ್ನು ಸೂರ್ಯ, ಗಾಳಿಗಳ ಕರೆಂಟಿನಿಂದ ನೀರನ್ನು ಒಡೆದೇ ಪಡೆಯಬೇಕು.

ಇಲ್ಲಿಯೂ ನೆರ್ನ್‌ಸ್ಟ್ ಮಣ್ಣಿನ ಮನೆತನಕ್ಕೆ ಕೆಲಸವಿದೆ. ಕೋಶವನ್ನು ತಿರುಗುಮುರುಗು ಓಡಿಸಿದರೆ ಅದು ಕಾದ ಆವಿಯನ್ನು ಒಡೆದು ಹೈಡ್ರೋಜನ್ ಕೊಡುತ್ತದೆ. ಆವಿಯಲ್ಲಿ ಈಗಾಗಲೇ ಶಾಖವಿರುವುದರಿಂದ ಕರೆಂಟು ಕಡಿಮೆ ಸಾಕು. ಸಾಮಾನ್ಯ ಯಂತ್ರಗಳು ಒಂದು ಕಿಲೋ ಹೈಡ್ರೋಜನ್ನಿಗೆ 50 ಯೂನಿಟ್ಟಿಗೂ ಮೀರಿ ಬೇಡಿದರೆ, ಬಿಸಿ ಆವಿ ಪುಕ್ಕಟೆ ಸಿಗುವ ಕಡೆ ಇದಕ್ಕೆ 40ರ ಆಸುಪಾಸು ಸಾಕಾಗುತ್ತದೆ. ಸೀರಿಸ್ ಮತ್ತು ಶೆಲ್ ಕಂಪನಿಗಳು ಮೆಗಾವ್ಯಾಟ್ ಗಾತ್ರದ ಇಂಥ ಪ್ರಯೋಗಯಂತ್ರವನ್ನು ಬೆಂಗಳೂರಿನ ಶೆಲ್ ಸಂಶೋಧನಾ ಕೇಂದ್ರದಲ್ಲಿ ನಿಲ್ಲಿಸುವುದಾಗಿ 2022ರಲ್ಲಿ ಸಾರಿದವು. 2025ರಲ್ಲಿ ಅಲ್ಲಿ ಹೈಡ್ರೋಜನ್ ಬರಲು ಶುರುವಾಯಿತು. ಲಂಡನ್ನಿನ ಕಾಲೇಜಿನಲ್ಲಿ ಸ್ಟೀಲ್ ಹಾಕಿದ ಲೆಕ್ಕ ಹೀಗೆ ನಮ್ಮ ನೆಲಕ್ಕೂ ಬಂದು ತಲುಪಿದೆ. ಕೋಲ್ಕತಾದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಬಹುಕಾಲದಿಂದ ಈ ಕೋಶಗಳ ಮೇಲೆ ದುಡಿದಿದ್ದಾರೆ. ಮರಳೂ ನಮ್ಮಲ್ಲಿದೆ, ಮಣ್ಣನ್ನು ಬಲ್ಲ ಕೈಗಳೂ ನಮ್ಮಲ್ಲಿವೆ. ಬೇಕಾಗಿರುವುದು ಹತ್ತಿಪ್ಪತ್ತು ವರ್ಷ ಕೈಬಿಡದೆ ಹಿಡಿಯುವ ಆಸರೆ.

ಅಂದಹಾಗೆ ಶ್ರೀಧರ್ ಅವರ ಕಾಲದಲ್ಲಿ ರದ್ದಾದ ಮಂಗಳಯಾನದ ಕನಸನ್ನು ನಾಸಾ ಬೇರೊಂದು ತಂಡದ ಕೈಯಲ್ಲಿ ನನಸು ಮಾಡಿತು. 2021ರ ಫೆಬ್ರವರಿಯಲ್ಲಿ ಮಂಗಳನ ಮೇಲಿಳಿದ ಪರ್ಸಿವರೆನ್ಸ್ ಬಂಡಿಯಲ್ಲಿ ಮಾಕ್ಸಿ ಎಂಬ ಪೆಟ್ಟಿಗೆಯೊಂದಿತ್ತು. ಅದರೊಳಗಿದ್ದದ್ದು ಜಿರ್ಕೋನಿಯ, ಈ ಸಲ ಯಿಟ್ರಿಯದ ಬದಲು ಸ್ಕ್ಯಾಂಡಿಯ ಬೆರೆತದ್ದು. 2023ರ ಆಗಸ್ಟಿನವರೆಗೆ ಹದಿನಾರು ಸಲ ಓಡಿ ಅದು ಕೊಟ್ಟದ್ದು ಒಟ್ಟು 122 ಗ್ರಾಂ ಆಮ್ಲಜನಕ. ಒಂದು ಸಣ್ಣ ನಾಯಿ ಹತ್ತು ಗಂಟೆ ಉಸಿರಾಡುವಷ್ಟು ಎಂದು ನಾಸಾ ಲೆಕ್ಕ ಹೇಳಿತು. ಬೇರೆ ಗ್ರಹವೊಂದರಲ್ಲಿ ಮನುಷ್ಯ ಮಾಡಿದ ಮೊದಲ ಉಸಿರು ಅದು.

ಗ್ರೋವ್‌ನಿಂದ ಇಲ್ಲಿಯವರೆಗಿನ ಈ ದಾರಿಯಲ್ಲಿ ಜ್ಞಾನ ಎಲ್ಲಿಯೂ ಕಳೆದುಹೋಗಲಿಲ್ಲ. ಸೋತ ದೀಪದಿಂದ ಕೊಳವೆಗೆ, ಕೊಳವೆಯಿಂದ ಪದರಕ್ಕೆ ಅದು ಕೈಯಿಂದ ಕೈಗೆ ದಾಟುತ್ತಲೇ ಬಂತು. ಪದೇ ಪದೇ ಕಳೆದುಹೋದದ್ದು ತಾಳ್ಮೆ. ಎಣ್ಣೆ ಅಗ್ಗವಾದಾಗಲೆಲ್ಲ ಜಗತ್ತು ಈ ಮಣ್ಣನ್ನು ಮರೆಯಿತು, ದುಬಾರಿಯಾದಾಗ ನೆನೆಯಿತು. ಓಸ್ಟ್‌ವಾಲ್ಡ್ ಕಂಡ ಹೊಗೆಯಿಲ್ಲದ ಕಾಲ ಇನ್ನೂ ಬಂದಿಲ್ಲ. ಮಂಗಳನಲ್ಲಿ ಉಸಿರು ಹುಟ್ಟಿಸಿದ ಈ ಮಣ್ಣು, ಕರೆಂಟು ಹೋದೊಡನೆ ಡೀಸೆಲ್ ಜನರೇಟರಿನ ಹೊಗೆ ಕುಡಿಯುವ ನಮ್ಮ ಗಲ್ಲಿಗಳಿಗೆ ಬರುವುದು ಯಾವಾಗ ಎಂದು ಕೇಳುವ ಹಕ್ಕು ನಮಗಿದೆ. ಅದನ್ನು ವಿಜ್ಞಾನಿಗಳನ್ನಷ್ಟೇ ಅಲ್ಲ, ಖಜಾನೆಯ ಬೀಗದ ಕೈ ಹಿಡಿದವರನ್ನೂ ಕೇಳಬೇಕು.